ಐತವಾರದವರೆಗೆ ಒಡೆಯದ ಪತ್ರಿಕೆ

ಇವತ್ತು ಅಂಗಳ ಗುಡಿಸಿ ನೀರು ಹೊಡೆದೆ. ನಳ ಬಂದಿತ್ತು, ಹಂಡೆ ಕೊಡ ಎಲ್ಲ ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆ. ಗಿರಣಿಯವನು ಹಿಂದಿನವರ ಗೋಧಿ ಹಿಟ್ಟನ್ನು ಒಂದಿಷ್ಟು ನಮ್ಮದಕ್ಕೆ ಸೇರಿಸಿದ್ದಾನೆ. ಅವನಿಗೆ ಹೇಳಿ ಹೇಳಿ ನನಗೇ ಸಾಕಾಗಿದೆ. ಶೇಂಗಾ ಹುರಿದು ಚಟ್ನಿಯ ಹಿಂಡಿ ಕುಟ್ಟಿದೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ, ಬೇರೆ ಬಣ್ಣದ್ದು, ಅವರಿನ್ನೂ ನೋಡಿಲ್ಲ. ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಅಂಚೆಯವನು ಬಂದು ಪತ್ರಿಕೆಯನ್ನು ಕಟ್ಟೆಯ ಮೇಲೆ ಒಗೆದು ಹೋದ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ, ಹೊಸ್ತಿಲಲ್ಲಿ ನಿಂತು, ಅದರ ಮೇಲೆ ಸುತ್ತಿದ ಕಾಗದದ ಪಟ್ಟಿ ಹರಿದೆ.

ನೀವು ನಗಬಹುದು. ಮನೆಯವರೂ ನಗುತ್ತಾರೆ. "ಕೈ ತೊಳಕೊಂಡ ಒಡದ್ರ ಏನ ಓಡಿ ಹೋಗತೈತೇನ ಅದು?" ಅನ್ನುತ್ತಾರೆ. ಆದರೆ ನಾನು ಊರಿನಲ್ಲಿ ಇಲ್ಲದ ದಿನ ಪತ್ರಿಕೆ ಬಂದರೆ ಅವರೂ ಅದನ್ನು ನಿಂತ ಕಾಲ ಮೇಲೇ ಒಡೆಯುತ್ತಾರೆ, ನನಗೆ ಗೊತ್ತು. ಅದೇನು ಅಂಥ ಅವಸರದ ಕಾಗದವಲ್ಲ. ನಮ್ಮ ಕಥೋಲಿಕ ಧರ್ಮಪ್ರಾಂತ್ಯದ ತಿಂಗಳ ಸುದ್ದಿ. ಯಾವ ಗುರುಗಳಿಗೆ ಎಲ್ಲಿಗೆ ವರ್ಗವಾಯಿತು, ಯಾವ ಊರಿನ ಗುಡಿಗೆ ಹೊಸ ಗಂಟೆ ಬಂತು, ಬರುವ ತಿಂಗಳು ಎಲ್ಲಿ ಏನು ಕಾರ್ಯಕ್ರಮ, ಇಷ್ಟೇ. ಹಾಗಿದ್ದೂ ನಮ್ಮ ಮನೆಯಲ್ಲಿ ಅದು ಒಡೆಯದೆ ಒಂದು ಗಳಿಗೆ ಬಿದ್ದಿರುವುದಿಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪುರಸೊತ್ತಿದ್ದರೆ ಕೂತುಕೊಳ್ಳಿ.

ನಾನು ಈ ಬನಹಟ್ಟಿಯ ಮನೆಗೆ ಸೊಸೆಯಾಗಿ ಬಂದದ್ದು ನಾವೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ್ದಾಗ. ಜಮಖಂಡಿಯ ಸಂಸ್ಥಾನ ಹೋಗಿತ್ತು, ಆದರೂ ಜನ ಮಾತಿಗೊಮ್ಮೆ ರಾಜರ ಹೆಸರು ಹೇಳುತ್ತಿದ್ದರು. ನಮ್ಮ ಮಾವನವರ ಹಿರಿಯರು ಮುದಗಲ್ಲಿನ ಕಡೆಯಿಂದ ನೇಯ್ಗೆಗೆ ಬಂದು ಇಲ್ಲೇ ಉಳಿದವರು. ಗುಡಿಯಿಲ್ಲದ, ಗುರುಗಳಿಲ್ಲದ ಊರಿನಲ್ಲಿ ಜಪ ಹೇಳಿಸುವವರು, ಮಕ್ಕಳಿಗೆ ಪ್ರಶ್ನೋತ್ತರ ಕಲಿಸುವವರು, ಸತ್ತವರನ್ನು ಮಣ್ಣು ಮಾಡುವವರು ಒಬ್ಬರು ಬೇಕಲ್ಲ, ಅವರಿಗೆ ನಮ್ಮಲ್ಲಿ ಉಪದೇಶಿ ಎನ್ನುತ್ತಾರೆ. ಮಾವ ಉಪದೇಶಿಯಾಗಿದ್ದರು. ವಾರದ ದಿನ ಪಡಸಾಲೆಯಲ್ಲಿ ಮಗ್ಗ. ಐತವಾರ ಮಗ್ಗದ ಮೇಲೆ ಬಿಳಿ ಧೋತರ ಹೊದಿಸಿದರೆ ಅದೇ ಗುಡಿ. ಗೋಡೆಯಲ್ಲಿ ಕೊರೆದ ಗೂಡಿಗೆ ಮಾಡು ಎನ್ನುತ್ತೇವೆ, ಆ ಮಾಡಿನಲ್ಲಿ ಮರಿಯಮ್ಮನವರ ಪಟ, ಮುಂದೆ ದೀಪ. ಜಮಖಂಡಿಯಿಂದ ದವಾಖಾನೆಯ ಕಂಪೌಂಡರರ ಮನೆಯವರು, ಮುಧೋಳದಿಂದ ಗೌಂಡಿ ಕೆಲಸದ ರಾಯಪ್ಪನ ಮನೆಯವರು ಬರುತ್ತಿದ್ದರು. ಹೊರಗೆ ಜಾತ್ರೆಯಾಗುವಷ್ಟು ಮಂದಿ ನಾವಲ್ಲ. ಎರಡು ಜಮಖಾನೆ ಹಾಸಿದರೆ ಇನ್ನೂ ಜಾಗ ಉಳಿಯುತ್ತಿತ್ತು.

ಗುರುಗಳು ಬರುತ್ತಿದ್ದದ್ದು ವರ್ಷಕ್ಕೆ ಯಾವಾಗಲೋ ಕೆಲವು ಸಲ, ಕುಡಚಿಯಲ್ಲಿ ರೈಲು ಇಳಿದು, ತೇರದಾಳದ ಮೇಲೆ ಬಸ್ಸಿನಲ್ಲಿ. ಉಳಿದಂತೆ ನಮಗೂ ಧರ್ಮಪ್ರಾಂತ್ಯಕ್ಕೂ ಇದ್ದ ನಂಟೆಲ್ಲ ಈ ಪತ್ರಿಕೆಯದೇ. ನಮ್ಮಂಥ ಊರಿಗೆ ತಾವಾಗಿ ಕಾಗದ ಯಾರು ಬರೆಯುತ್ತಾರೆ? ಏನಿದ್ದರೂ ಅದರಲ್ಲೇ ಅಚ್ಚಾಗಿ ಬರಬೇಕು.

ಅದನ್ನು ಓದುವುದಕ್ಕೊಂದು ಪದ್ಧತಿ ಇತ್ತು. ವಾರದ ನಡುವೆ ಎಂದು ಬಂದರೂ ಮಾವ ಅದನ್ನು ಒಡೆಯುತ್ತಿರಲಿಲ್ಲ. ಕೈಕಾಲು ತೊಳೆದು, ಕಣ್ಣಿಗೊತ್ತಿಕೊಂಡು, ಪಟ್ಟಿಯ ಸಮೇತ ಮರಿಯಮ್ಮನವರ ಪಾದದ ಹತ್ತಿರ ಇಡುತ್ತಿದ್ದರು. ಐತವಾರ ಜಪಸರ ಮುಗಿದ ಮೇಲೆ, ಎಲ್ಲರ ಎದುರಿಗೆ ಒಡೆದು, ಮೊದಲಿನಿಂದ ಕೊನೆಯವರೆಗೆ ಒಂದೇ ದನಿಯಲ್ಲಿ ಓದುತ್ತಿದ್ದರು. ನಾನು ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತು ಬಂದವಳು. ಬೆಲ್ಲ ಕಟ್ಟಿ ತಂದ ಕಾಗದ ಸಿಕ್ಕರೂ ನೆಕ್ಕಿದಂತೆ ಓದುತ್ತಿದ್ದೆ. ಮಾಡಿನಲ್ಲಿ ಒಂದು ಹೊಸ ಪತ್ರಿಕೆ ಮುಚ್ಚಿಕೊಂಡು ಕೂತಿದ್ದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಹೊಸದರಲ್ಲಿ ಒಮ್ಮೆ ಅತ್ತೆಯವರ ಮುಂದೆ ಅಂದೂ ಬಿಟ್ಟಿದ್ದೆ, ಮಾವ ಕೇಳಿಸಿಕೊಂಡರು. "ಇದು ಎಲ್ಲಾರ ಸುದ್ದಿ ಐತೆವಾ. ಒಬ್ಬರು ಮೊದಲ ಓದಿದ್ರ ಎಂಜಲ ಆಗತೈತಿ," ಎಂದರು. ಆ ಮಾತು ಆಗ ನನಗೆ ಬಹಳ ದೊಡ್ಡದಾಗಿ ಕಂಡಿತ್ತು.

ಓದುವಾಗ ನೋಡಬೇಕಿತ್ತು. ನಾವು ಕಾಣದ, ಕಾಣಲಾರದ ಊರುಗಳ ಸುದ್ದಿ. ಎಲ್ಲೋ ಒಂದು ಕಡೆ ಒಬ್ಬ ಸಿಸ್ಟರಿಗೆ ಕಾಮಾಲೆಯಾಗಿದೆ ಎಂದು ಬಂದರೆ ನಮ್ಮತ್ತೆ ತಿಂಗಳಿಡೀ ಮರುಗುತ್ತಿದ್ದರು, ಮುಂದಿನ ಪತ್ರಿಕೆಯಲ್ಲಿ ಆಕೆಯ ಮಾತೇ ಇರದಿದ್ದರೆ, "ಆರಾಮ ಆದ್ಲೋ, ಹ್ವಾದ್ಲೋ, ಒಂದ ಗೆರಿ ಬರಿಬಾರದೇನ?" ಎಂದು ಅಚ್ಚು ಹಾಕಿದವರನ್ನು ಬೈಯುತ್ತಿದ್ದರು. ಪಕ್ಕದ ಬೀಳಗಿಯಲ್ಲಿ ಏನು ನಡೆದಿದೆ ಎಂದು ನಮಗೆ ತಿಳಿದಿರುತ್ತಿರಲಿಲ್ಲ.

ಅಂಥದರಲ್ಲಿ ಒಂದು ಐತವಾರ ಮಾವ ಓದುತ್ತ ಓದುತ್ತ ನಿಂತುಬಿಟ್ಟರು. ಮುಂದಿನ ಕಾರ್ಯಕ್ರಮಗಳಲ್ಲಿ ನಮ್ಮ ಊರಿನ ಹೆಸರಿತ್ತು. ಮಳೆಗಾಲ ಕಳೆದ ಮೇಲೆ ಬಿಷಪ್ ಸ್ವಾಮಿಗಳು ಈ ಭಾಗದಲ್ಲಿ ಸಂಚಾರ ಮಾಡುವವರಿದ್ದಾರೆ, ಇಂಥ ಐತವಾರ ಬೆಳಿಗ್ಗೆ ಬನಹಟ್ಟಿಯಲ್ಲಿ ಪೂಜೆ ಎಂದು. ಬಿಷಪ್ ಎಂಬವರನ್ನು ಅಲ್ಲಿ ಕೂತವರಲ್ಲಿ ಯಾರೂ ಕಂಡಿರಲಿಲ್ಲ.

ನಮ್ಮ ನಾದಿನಿ ಸಂತವ್ವ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಗಂಡು ಕೂಸು ಹುಟ್ಟಿ ಹೆಚ್ಚು ದಿನ ಆಗಿರಲಿಲ್ಲ. ಮಾವ ಅಂದೇ ಕಾಗದ ಬರೆದರು: ನನ್ನ ಮೊಮ್ಮಗನಿಗೆ ತಮ್ಮ ಕೈಯಿಂದಲೇ ಜ್ಞಾನಸ್ನಾನವಾಗಬೇಕು, ತಾವು ಯಾವ ಹೆಸರಿಡುವಿರೋ ಅದೇ ಹೆಸರು. ಆಗಲಿ ಎಂದು ಉತ್ತರ ಬಂತು. ಅಲ್ಲಿಂದ ಕೂಸಿಗೆ ಹೆಸರಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ಕೂಸು ಎಂದೇ ಕರೆದೆವು. ಬೀರೇಶ್ವರನ ಒಕ್ಕಲಾದ ಗಂಗವ್ವ ದಿನಾ ಆಡಿನ ಹಾಲು ತಂದು ಕೊಡುತ್ತಿದ್ದಳು, ತೊಟ್ಟಿಲು ಬಗ್ಗಿ ನೋಡಿ ಸಂತವ್ವನನ್ನು ಕಾಡುತ್ತಿದ್ದಳು. "ನಿಮ್ಮ ದೊಡ್ಡ ಸ್ವಾಮಿ ಬರೂತನಾ ಇದಕ್ಕ ಹೆಸರ ಇಲ್ಲನು? ನಮ್ಮ ಕುರಿಗೆ ಸುದ್ದಾ ಹೆಸರ ಅದಾವ ಬೇ." ಸಂತವ್ವ ನಗುತ್ತಿದ್ದಳು. ಆಗ ಅವಳು ಬಹಳ ನಗುತ್ತಿದ್ದಳು.

ಮನೆಗೆ ಸುಣ್ಣವಾಯಿತು. ಬಿಷಪ್ ಸ್ವಾಮಿಗಳು ಜಮಖಾನೆಯ ಮೇಲೆ ಕೂಡುವುದು ಹೇಗೆ ಎಂದು ಅರಳೆಯ ಸಾವಕಾರರ ಮನೆಯಿಂದ ಕೈಯಿರುವ ಕುರ್ಚಿ ಕೇಳಿ ತಂದರು. ಅವರು ಶಿವನ ಭಕ್ತರು, ಕುರ್ಚಿಯನ್ನು ತೊಳೆಸಿ, ವಿಭೂತಿಯ ಕಲೆ ಒರೆಸಿ ಕೊಟ್ಟರು. ಅದು ಬಂದು ಪಡಸಾಲೆಯ ನಡುವೆ ನಿಂತ ಮೇಲೆ ನಾವೆಲ್ಲ ಅದನ್ನು ಮುಟ್ಟದೆ ಸುತ್ತು ಹಾಕಿಕೊಂಡೇ ಓಡಾಡಿದೆವು.

ಬಿಷಪ್ ಸ್ವಾಮಿಗಳು ಬರಬೇಕಾದ ವಾರದ ಬೇಸ್ತವಾರ ಕೂಸಿಗೆ ಹೊಟ್ಟೆ ಕೆಟ್ಟಿತು. ಅದೇ ಬೇಸ್ತವಾರ ಪತ್ರಿಕೆಯೂ ಬಂತು. ಮಾವ ಕೈ ತೊಳೆದು ಅದನ್ನು ಮಾಡಿನಲ್ಲಿಟ್ಟರು. ಐತವಾರ ಬಿಷಪ್ ಸ್ವಾಮಿಗಳ ಎದುರಿಗೇ ಓದಿದರಾಯಿತು ಎಂದು ಅವರಿಗೆ ಹೆಮ್ಮೆ ಕೂಡ. ಕಂಪೌಂಡರರು ಬಾಟಲಿಯಲ್ಲಿ ಔಷಧಿ ಕಳಿಸಿದರು. ಹಾಕಿದ್ದೆಲ್ಲ ಹೊರಗೆ ಬಂತು. ಶನಿವಾರ ಬೆಳಗಾಗುವುದರೊಳಗೆ ಕೂಸಿನ ನೆತ್ತಿ ಕುಸಿದಿತ್ತು, ಕಣ್ಣು ಒಳಗೆ ಹೋಗಿದ್ದವು.

ಒಂದು ಮಾತು ಹೇಳಬೇಕು. ಕೂಸು ಸಾಯುವಂತಿದ್ದರೆ ಜ್ಞಾನಸ್ನಾನಕ್ಕೆ ಗುರುಗಳೇ ಬೇಕೆಂದಿಲ್ಲ. ಯಾರಾದರೂ ಸರಿ, ಹಣೆಯ ಮೇಲೆ ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ನಾಮ ಹೇಳಿದರೆ ಆಯಿತು. ನಮ್ಮವರಲ್ಲಿ ಅಂಥ ಹೊತ್ತಿಗೆ ಕರೆಯುತ್ತಿದ್ದದ್ದು ಅತ್ತೆಯವರನ್ನೇ. ನೀರಿಲ್ಲದೆ ಹೋದ ಕೂಸು ದೇವರ ಮುಖ ಕಾಣುವುದಿಲ್ಲ, ಅದಕ್ಕೆ ಬೇರೆಯೇ ಜಾಗ, ಅಳುವೂ ಇಲ್ಲ ನಗುವೂ ಇಲ್ಲ ಎಂದು ಮಾವ ಮಕ್ಕಳಿಗೆ ಕಲಿಸುತ್ತಿದ್ದರು. ನಾವು ಅದನ್ನು ನಂಬಿದವರು. ಆದರೆ ಅತ್ತೆಯವರು ನೀರು ಹಾಕಿದ ಕೂಸುಗಳೆಲ್ಲ ಕೊನೆಯ ಗಳಿಗೆಯವೇ ಆದದ್ದರಿಂದ, ಅವರು ತಂಬಿಗೆ ಹಿಡಿದು ಹೊರಟರೆಂದರೆ ಬಾಣಂತಿಯರು ಬಾಗಿಲು ಮುಂದೆ ಮಾಡುತ್ತಿದ್ದರು.

ಶನಿವಾರ ಮಧ್ಯಾಹ್ನ ಅವರು ನನ್ನಿಂದ ತಂಬಿಗೆಯಲ್ಲಿ ನೀರು ತರಿಸಿ, ತಾವೇ ತೆಗೆದುಕೊಂಡು ಸಂತವ್ವನ ಹತ್ತಿರ ಕೂತರು. "ಸಂತೂ, ಅದರ ತಲಿ ಈ ಕಡೆ ಮಾಡ. ನೀರ ಹಾಕತೇನಿ."

ಸಂತವ್ವ ಗೋಡೆಯ ಕಡೆಗೆ ಮುಖ ಮಾಡಿ, ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡಳು.

"ಬ್ಯಾಡ. ನೀ ನೀರ ಹಾಕಿದ ಕೂಸು ಯಾವದರ ಉಳದೈತೇನ ಬೇ?"

"ಉಳೀಲಿ ಅಂತ ಹಾಕೂದಲ್ಲ ಅದು."

"ನಾಳಿ ಅವರು ಬಂದು ಹಾಕತಾರ. ಅವರು ಹಾಕಿದ್ರ ಉಳೀತೈತಿ."

ಅತ್ತೆ ಮಾವನ ಮುಖ ನೋಡಿದರು. ಮಾವ ಕುರ್ಚಿಯ ಹತ್ತಿರ ನಿಂತಿದ್ದರು. "ಬಿಡ. ಬೆಳಕ ಹರದ್ರ ಬರ್ತಾರ. ಅವರ ಕೈಲೇ ಆಗ್ಲಿ," ಎಂದರು. ಅತ್ತೆ ತಂಬಿಗೆಯನ್ನು ನೆಲದ ಮೇಲಿಟ್ಟು, ಅಲ್ಲೇ ಕೂತರು. ಹೊತ್ತು ಇಳಿಯುವಾಗ ಹಾಲು ತಂದ ಗಂಗವ್ವ, ಸಂತವ್ವನ ಸೆರಗು ಸರಿಸಿ ನೋಡಿ, ಹಾಲನ್ನು ತಿರುಗಿ ಒಯ್ದಳು.

ನಮ್ಮ ಮಸಣಕ್ಕೆ ಗೋಡೆಯಿಲ್ಲ, ಕಳ್ಳಿಯ ಬೇಲಿ. ಜ್ಞಾನಸ್ನಾನವಾದವರು ಬೇಲಿಯ ಒಳಗೆ, ಆಗದವರು ಹೊರಗೆ. ಐತವಾರದ ಪೂಜೆಗೆಂದು ಮುಂಚಿತವಾಗಿ ಬಂದಿದ್ದ ಮುಧೋಳದ ರಾಯಪ್ಪನೇ ಆ ಸಂಜೆ ಸಲಿಕೆ ಹಿಡಿದು, ಕೂಸನ್ನು ಮಣ್ಣು ಮಾಡಲು ಮಾವ, ಮನೆಯವರ ಜೊತೆಗೆ ಹೋದ. ಅವನ ಹೆಣ್ಣುಕೂಸು ಹುಟ್ಟುತ್ತಲೇ ಹೋದಾಗ ಮಾವ ಅದನ್ನು ಹೊರಗೆ ಇಡಿಸಿದ್ದರು. ಅಲ್ಲಿ ನಡೆದದ್ದನ್ನು ಮನೆಯವರು ನನಗೆ ಆಮೇಲೆ ಹೇಳಿದರು. ರಾಯಪ್ಪ, "ಒಳಗ ಇಡೂಣ್ರಿ ಉಪದೇಶಿ. ಇಲ್ಲಿ ಯಾರ ನೋಡಾಕ ಬರ್ತಾರ?" ಎಂದನಂತೆ. ಮಾವ, "ನಿಂದು ಹೊರಗ ಐತೆಲ್ಲೋ ರಾಯಪ್ಪಾ," ಎಂದು, ಬೇಲಿ ದಾಟಿ ಹೊರಗೆ ತಾವೇ ಅಗೆಯಲು ನಿಂತರಂತೆ.

ಮರುದಿನ ಬೆಳಿಗ್ಗೆ ಗಂಡಸರು ಚೆಂಡುಹೂವಿನ ಹಾರ ಹಿಡಿದು ಬಸ್ಸು ನಿಲ್ಲುವಲ್ಲಿಗೆ ಹೋದರು. ಹೋಗದೆ ಏನು ಮಾಡುವುದು? ತೇರದಾಳದ ಬಸ್ಸು ಬಂತು. ಒಬ್ಬ ಅರಿವೆ ವ್ಯಾಪಾರಿ ಇಳಿದ, ಕೋಳಿಬುಟ್ಟಿಯ ಹೆಂಗಸೊಬ್ಬಳು ಇಳಿದಳು. ಇನ್ನೊಂದು ಬಸ್ಸು ಕಾದರು, ಅದರಲ್ಲೂ ಯಾರೂ ಇಲ್ಲ. ಬಂದು ಹಾರವನ್ನು ಕುರ್ಚಿಯ ಕೈಗೆ ಹಾಕಿ ಕೂತರು. ಮಾವ ಜಪಸರ ಹೇಳಿಸಿದರು. ಮುಗಿದ ಮೇಲೆ ಎದ್ದು, ಕೈ ತೊಳೆದು, ಮಾಡಿನಿಂದ ಪತ್ರಿಕೆ ತೆಗೆದು ಒಡೆದರು.

ಮೊದಲಿನಿಂದಲೇ ಓದಿದರು. ಯಾವುದೋ ಊರಿನಲ್ಲಿ ಸಾಲಿಗೆ ಹೊಸ ಛಾವಣಿ ಹೊದಿಸಿದ್ದು, ಯಾವುದೋ ಊರಿನಲ್ಲಿ ಮಕ್ಕಳ ಮೊದಲ ಪರಮಪ್ರಸಾದ. ಕೊನೆಯ ಪುಟ, ಮುಂದಿನ ಕಾರ್ಯಕ್ರಮಗಳು. ಬಿಷಪ್ ಸ್ವಾಮಿಗಳಿಗೆ ಬೇರೆ ಕಡೆಯ ಸಭೆಗೆ ಹೋಗಬೇಕಾಗಿ ಬಂದದ್ದರಿಂದ ಈ ಭಾಗದ ಸಂಚಾರವನ್ನು ಮುಂದಕ್ಕೆ ಹಾಕಲಾಗಿದೆ, ಹೊಸ ದಿನವನ್ನು ತಿಳಿಸಲಾಗುವುದು. ಅದನ್ನೂ ಅದೇ ದನಿಯಲ್ಲಿ ಓದಿ, ಕೆಳಗಿದ್ದ ಛಾಪಖಾನೆಯ ಹೆಸರನ್ನೂ ಓದಿ ನಿಲ್ಲಿಸಿದರು.

ಯಾರೂ ಏಳಲಿಲ್ಲ. ಅತ್ತೆ, "ಬೇಸ್ತವಾರ ಬಂದಿತ್ತಲ್ಲ ಅದು," ಎಂದರು.

ಸಂತವ್ವ ಒಳಗಿನ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಅಪ್ಪಾ, ಅದನ್ನ ಇನ್ನೊಮ್ಮಿ ಓದ."

ಮಾವ ಇನ್ನೊಮ್ಮೆ ಓದಿದರು.

ಬರುವುದಿಲ್ಲ ಎಂದು ಶನಿವಾರ ಗೊತ್ತಿದ್ದರೆ ಮಾವನೇ ತಂಬಿಗೆ ಎತ್ತಿಕೊಳ್ಳುತ್ತಿದ್ದರು. ಸಂತವ್ವನಿಗೂ ಹಿಡಿದುಕೊಳ್ಳಲು ನಾಳೆ ಎಂಬುದು ಇರುತ್ತಿರಲಿಲ್ಲ. ಕೂಸು ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಬೇಲಿಯ ಒಳಗೆ ಇರುತ್ತಿತ್ತು. ಒಂದು ಹೆಸರಿರುತ್ತಿತ್ತು.

ಮುಂದೆ ಬಿಷಪ್ ಸ್ವಾಮಿಗಳು ಬಂದೂ ಹೋದರು. ಮಾವ ಹಾರ ಹಾಕಿದರು. ಪತ್ರಿಕೆಯನ್ನು ಮಾತ್ರ ಆಮೇಲೆ ಬಾಗಿಲಲ್ಲೇ ಒಡೆಯತೊಡಗಿದರು, ಅವರಿಂದ ಆ ರೂಢಿ ನಮಗೆ ಬಂತು. ಅತ್ತೆ ಪ್ರತಿ ವರ್ಷ ಮೊದಲ ಮಳೆಗೆ ಕಳ್ಳಿಯ ತುಂಡುಗಳನ್ನು ಒಯ್ದು ಬೇಲಿಯಾಚೆ, ಆ ಜಾಗದ ಸುತ್ತ ಬಳಸಿ ಊರುತ್ತಿದ್ದರು. ಬೇಲಿ ಬೆಳೆದು ಅದನ್ನು ಒಳಗೆ ತೆಗೆದುಕೊಳ್ಳಲಿ ಎಂದು. ಪಕ್ಕದ ಹೊಲದವರು ರಂಟೆ ಹೊಡೆಯುವಾಗ ಕಿತ್ತು ಒಗೆಯುತ್ತಿದ್ದರು, ಅವರಿಗೇನು ಗೊತ್ತು. ಅತ್ತೆ ಹೋದ ಮೇಲೆ ಊರುವವರು ಇಲ್ಲವಾದರು. ಈಗ ಅಲ್ಲಿ ಕಬ್ಬಿದೆ. ಯಾವ ಸಾಲಿನ ಕೆಳಗೆ ಎಂದು ನಮಗೂ ತೋರಿಸಲು ಬರುವುದಿಲ್ಲ.

ಸಂತವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಇಲ್ಲಿಗೇ ಬಂದಳು, ನಮ್ಮ ಜೊತೆಗಿದ್ದಾಳೆ. ಸಾಲಿ ಕಲಿತವಳಲ್ಲ, ಪತ್ರಿಕೆ ಬಂದರೆ ನಾನು ಓದಬೇಕು, ಅವಳು ಕೇಳಬೇಕು. ಈಗಿನ ಫಾದರ್ ಒಮ್ಮೆ ಪೂಜೆಯಲ್ಲಿ, ನೀರಿಲ್ಲದೆ ಹೋದ ಕೂಸುಗಳೂ ದೇವರ ಕೈಯಲ್ಲೇ ಇವೆ, ಹಳೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಸಂತವ್ವ ಮನೆಗೆ ಬಂದು ಚಪ್ಪಲಿ ಬಿಡುತ್ತ ನನ್ನನ್ನೊಂದೇ ಕೇಳಿದಳು: "ಹಂಗಾರ ಅಪ್ಪ ಯಾಕ ಹೊರಗ ಇಟ್ಟ?"

ಇವತ್ತಿನ ಪತ್ರಿಕೆಯನ್ನು ಹೊಸ್ತಿಲಲ್ಲಿ ನಿಂತು ಹರಿದೆನಲ್ಲ, ರೂಢಿಯಂತೆ ಕೊನೆಯ ಪುಟ ಮೊದಲು ನೋಡಿದೆ. ಸತ್ತವರ ಹಬ್ಬದ ತಿಂಗಳು ವಿಶೇಷ ಪೂಜೆ ಇದೆಯಂತೆ, ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಮಕ್ಕಳಿಗಾಗಿ. ಪೂಜೆಯಲ್ಲಿ ಒಂದೊಂದಾಗಿ ಹೆಸರು ಕರೆಯುತ್ತಾರೆ. ಕೂಸಿನ ಕಡೆಯವರು ಅದರ ಹೆಸರನ್ನು ಮುಂಚಿತವಾಗಿ ಬರೆದು ಕೊಡಬೇಕು. ಸಂತವ್ವ ಒಳಗೆ ಒಲೆಯ ಮುಂದೆ ನಾನು ಬಿಟ್ಟು ಬಂದ ಹಿಟ್ಟು ನಾದುತ್ತಿದ್ದಳು. ಇಷ್ಟು ವರ್ಷ ಬಾಗಿಲಲ್ಲೇ ಒಡೆದವಳಿಗೆ ಇವತ್ತು ಮೊದಲ ಸಲ, ಇದನ್ನು ಪಟ್ಟಿಯ ಸಮೇತ ಎಲ್ಲಾದರೂ ಇಟ್ಟುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆದರೆ ಅವಳು, "ಏನ ಬಂದೈತಿ ವೈನಿ?" ಎಂದು ಕೇಳಿಯಾಗಿತ್ತು. ಓದಿದೆ.

ಅವಳು ಒಂದು ರೊಟ್ಟಿ ಬಡಿದು, ಹಂಚಿಗೆ ಹಾಕಿ, ನೀರು ಸವರಿದಳು.

"ಹೆಸರ ಬರದ ಕೊಡಬೇಕಂತೇನ?"

"ಹೂಂ."

"ಹಂಗಾರ ನಮ್ಮದ ಬಿಡ."

ಸಂತವ್ವನ ಕೂಸು ಅಂತ ಬರೆದು ಕೊಡೋಣ, ಇಲ್ಲವೆ ನಿನಗೆ ಬೇಕಾದ ಹೆಸರೊಂದನ್ನು ಈಗಲೇ ಇಡೋಣ ಎಂದೆ. ಅವಳು ರೊಟ್ಟಿ ತಿರುವಿದಳು. ಅದು ಉಬ್ಬಿ ಇಳಿಯುವವರೆಗೆ ನೋಡಿ, "ಈಗ ಕರದ್ರ ತನ್ನನ್ನ ಅಂತ ಅದಕ್ಕ ಹೆಂಗ ತಿಳೀಬೇಕ ವೈನಿ?" ಎಂದಳು. ಹೆಸರು ಬರೆಯಲಿಲ್ಲ.

ಸಂಜೆ ದೀಪ ಹಚ್ಚಿ ಜಪ ಹೇಳಿದೆವು. ರಾತ್ರಿಗೆ ರೊಟ್ಟಿ, ಪುಂಡಿಪಲ್ಯ, ಹೊಸ ಹಿಂಡಿ, ಮಜ್ಜಿಗೆ. ರೊಟ್ಟಿಯಲ್ಲಿ ಗೋಧಿ ಹಿಟ್ಟು ಸೇರಿದ್ದು ಗೊತ್ತಾಗುತ್ತಿತ್ತು. ಮನೆಯವರು ಎರಡು ತಿಂದರು, ನಾನು ಒಂದು. ಸಂತವ್ವ ಅರ್ಧ ತಿಂದು, ಉಳಿದರ್ಧ ಮುಚ್ಚಿಟ್ಟಳು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅವಳು ಹಾಸಿಕೊಂಡು, ಗೋಡೆಯ ಕಡೆಗೆ ಮುಖ ಮಾಡಿ, ನಮ್ಮೆಲ್ಲರಿಗಿಂತ ಮೊದಲೇ ಮಲಗಿದ್ದಳು.