ನಗಬಾರದ ಫೋಟೋ

ಮಾಲೂರಿಂದ ರೈಲಲ್ಲಿ ಬಂದು ಕಾಡುಗೋಡೀಲಿ ಇಳಿದು, ಮೊಮ್ಮಗಳ ವೀಸಾ ಫೋಟೋಗೆ ಸ್ಟುಡಿಯೋ ಹೊಕ್ಕಿದ್ವಿ. ನನ್ನ ಮಗಳು ಜರ್ಮನೀಲಿ ನರ್ಸು. ಮೂರು ವರ್ಷ ಆದ್ಮೇಲೆ ಈಗ ಮಗೂನ ಕರೆಸ್ಕೊಳ್ತಿದ್ದಾಳೆ.

"ನಗಬಾರ್ದು ಪುಟ್ಟಿ, ನಕ್ಕಿರೋ ಫೋಟೋ ವೀಸಾದವ್ರು ತಗೊಳಲ್ಲ," ಅಂದ ಸ್ಟುಡಿಯೋದವನು.

ಎದುರಿಗೆ ನಾನಿದ್ರೆ ನಗದೇ ಇರೋಕಾಗತ್ತಾ? ಹಲ್ಲುಸೆಟ್ಟು ಅರ್ಧ ಹೊರಗೆ ತಳ್ಳಿದೆ.

"ತಾತ, ಇನ್ನೊಂದ್ಸಲ!" ಅಂತ ನಕ್ಕಳು ಮೊಮ್ಮಗಳು.

ನಾಲ್ಕು ಫೋಟೋ ಕೆಟ್ಟೋಯ್ತು.

"ಕಾಲಿಗೆ ಬೀಳ್ತೀನಿ ತಾತ, ಸುಮ್ನಿರಿ," ಅಂದ ಅವನು.

ಇವಳಮ್ಮನ ಸ್ಕೂಲ್ ಫೋಟೋನೂ ಹಿಂಗೇ ಕೆಡಿಸಿದ್ದೆ. ಅದು ನೆನಪಾಗಿ, ಚೇಷ್ಟೆ ಮರೆತು ಮಗೂನೇ ನೋಡ್ತಾ ನಿಂತ್ಬಿಟ್ಟೆ. ನನ್ನ ಮುಖ ನೋಡಿ ಅವಳ ನಗು ನಿಂತೋಯ್ತು. ಫೋಟೋ ಸರಿಯಾಗಿ ಬಂತು.

"ಅದೇನ್ ಮಾಡಿದ್ರಿ ತಾತ?"

"ನಂಗೆ ಬರ್ದಿರೋ ವಿದ್ಯೆ ಯಾವ್ದಯ್ಯ! ಕೆಟ್ಟಿರೋ ನಾಲ್ಕನ್ನೂ ಪ್ರಿಂಟ್ ಹಾಕ್ಕೊಡು. ಅವುಕ್ಕೆ ವೀಸಾ ಬೇಡ."