ಮೈಕ್ ಜಮಾಲುದ್ದೀನನ ಐದು ಭಾನುವಾರ

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಗೋಡೆಯ ಆ ಕಡೆ ಜಮಾಲುದ್ದೀನನ ಮೈಕ್ ಸೆಟ್ ಅಂಗಡಿ. ಅವನು ಹಾರ್ನ್ ಪರೀಕ್ಷೆ ಮಾಡಿದರೆ ನನ್ನ ಮಷೀನಿನ ಗಾಜು ನಡುಗುತ್ತಿತ್ತು, ನಾನು ಗೋಡೆಗೆ ಗುದ್ದುತ್ತಿದ್ದೆ, ಅವನು ನಿಲ್ಲಿಸುತ್ತಿದ್ದ. ನಮ್ಮ ಸ್ನೇಹ ಶುರುವಾದದ್ದೇ ಹೀಗೆ. ನನ್ನ ಹೆಸರು ಚನ್ನಬಸವ. ನನ್ನ ಕಥೆಯಲ್ಲಿ ಹೇಳುವಂಥದ್ದೇನೂ ಇಲ್ಲ, ಇದು ಅವನ ಕಥೆ.

ಮೂವತ್ತು ವರ್ಷ ಜಮಾಲುದ್ದೀನ ಮಾಡಿದ ಕೆಲಸ ಊರಿಗೆ ಸುದ್ದಿ ಹೇಳುವುದು. ಮೊದಲು ಜಟಕಾದಲ್ಲಿ, ಆಮೇಲೆ ಆಟೋದಲ್ಲಿ ಕುಳಿತು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕಾನಹೊಸಹಳ್ಳಿ ಅಂತ ಸುತ್ತುತ್ತಿದ್ದ. ನಾಳೆ ನಲ್ಲಿ ನೀರು ಬರುವುದಿಲ್ಲ ಅನ್ನುವುದು ಅವನೇ, ಸೀರೆ ಅಂಗಡಿ ರಿಯಾಯಿತಿ ಹೇಳುವುದು ಅವನೇ, ಇಟ್ಟಿಗಿಯವರ ಕೊಂಬು ಮುರಿದ ಎಮ್ಮೆ ತಪ್ಪಿಸಿಕೊಂಡಿದೆ ಅಂತ ಸಾರುವುದೂ ಅವನೇ. ದನಿ ಕಂಚಿನದು. ಆದರೆ ಎರಡು ಸಾವಿರದ ಇಸವಿ ದಾಟಿದ ಮೇಲೆ ದಾವಣಗೆರೆಯಲ್ಲಿ ಯಾರೋ ಹೆಣ್ಣುಮಗಳ ದನಿಯಲ್ಲಿ ಕ್ಯಾಸೆಟ್ ಮಾಡಿಸಿಕೊಂಡು ಬರುವುದು ಶುರುವಾಯಿತು. ಆಟೋದವನು ಬಟನ್ ಒತ್ತಿದರೆ ಆಯಿತು, ಅದಕ್ಕೆ ಗಂಟಲು ಕಟ್ಟುವುದಿಲ್ಲ, ಅದು ಚಹಾ ಕೇಳುವುದಿಲ್ಲ. ಜಮಾಲುದ್ದೀನ ಅಂಗಡಿ ಮುಂದೆ ಸ್ಟೂಲು ಹಾಕಿಕೊಂಡು ಬೀದಿ ನೋಡುತ್ತಾ ಕುಳಿತ. ಐವತ್ತೆರಡಕ್ಕೇ ಎಪ್ಪತ್ತರವನ ಹಾಗೆ ಕೂರುವುದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು.

ಅದೇ ದಿನಗಳಲ್ಲಿ ಪಾಲಾಕ್ಷಪ್ಪನವರು ಅವನನ್ನು ಮನೆಗೆ ಕರೆಸಿಕೊಂಡರು. ಅವರು ಪೊಲೀಸ್ ವೈರ್‌ಲೆಸ್‌ನಲ್ಲಿ ದುಡಿದು ನಿವೃತ್ತರಾದವರು. ಹವ್ಯಾಸಕ್ಕೆ ಲೈಸೆನ್ಸ್ ತೆಗೆದುಕೊಂಡು ರೇಡಿಯೊದಲ್ಲಿ ಮಾತಾಡುವವರು, ಹ್ಯಾಮ್ ಅನ್ನುತ್ತಾರಲ್ಲ, ಅದು. ಅವರ ಹಳೆಯ ಆಂಪ್ಲಿಫೈಯರ್ ರಿಪೇರಿಗೆ ಹೋದವನ ಕಣ್ಣೆದುರೇ ಪಾಲಾಕ್ಷಪ್ಪನವರು ಅಂಗೈಯಗಲದ ಒಂದು ಸೆಟ್ಟಿನ ಬಟನ್ ಒತ್ತಿ ತಮ್ಮ ಲೈಸೆನ್ಸಿನ ನಂಬರ್ ಹೇಳಿ ಬಟನ್ ಬಿಟ್ಟರು. ಎಲ್ಲಿಂದಲೋ ಒಬ್ಬ, "ಪಾಲಾಕ್ಷಪ್ಪನವರೇ, ಊಟ ಆತೇನ್ರಿ?" ಅಂದ.

ಜಮಾಲುದ್ದೀನ ಸೀದಾ ನನ್ನ ಅಂಗಡಿಗೆ ಬಂದು ನಿಂತ.

"ಲೇ ಚನ್ನಬಸ್ಯಾ, ಮೂವತ್ತು ವರ್ಷ ಮೈಕಿನಾಗ ಒದರೀನಿ. ಒಬ್ಬರರ ಹೊಳ್ಳಿ ಮಾತಾಡ್ಯಾರೇನು? ಅಲ್ಲಿ ಉತ್ತರ ಬರ್ತೈತಲೇ! ನನಗೂ ಒಂದು ಸಲ ಬರಬೇಕು. ಒಂದs ಸಲ."

ಅವನಿಗೆ ಬೇಕಾದದ್ದು ಅಷ್ಟೇ. ಆಸೆ ಅಂದರೆ ಎಷ್ಟು ಸಣ್ಣದಿರಬಹುದು ನೋಡಿ. ಅದಕ್ಕೆ ಹಿಡಿದದ್ದು ಮೂರು ವರ್ಷ.

ಪರೀಕ್ಷೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಜೆರಾಕ್ಸ್ ಮಾಡಿಕೊಟ್ಟೆ, ಅವನ ಮಗಳು ಅಸ್ಫಿಯಾ ಓದಿ ಅರ್ಥ ಹೇಳಿದಳು. ಹತ್ತನೇ ಇಯತ್ತೆ ಮುಟ್ಟದ ಮನುಷ್ಯ ಕನ್ನಡಕ ಹಾಕಿಕೊಂಡು ಪ್ರಶ್ನೆ ಉತ್ತರ ಬಾಯಿಪಾಠ ಮಾಡಿದ. ಬೆಂಗಳೂರಿಗೆ ಹೋಗಿ ಬರೆದ, ಒಮ್ಮೆ ಬಿದ್ದ, ಮತ್ತೆ ಬರೆದು ಪಾಸಾದ. ಲೈಸೆನ್ಸ್‌ಗೆ ಮುಂಚೆ ಪೊಲೀಸ್ ವಿಚಾರಣೆ ಇರುತ್ತದೆ. ವಿಚಾರಿಸಲು ಬಂದ ಪೇದೆ, "ವೈರ್‌ಲೆಸ್ ಯಾಕ್ರಿ ನಿಮಗ? ಯಾರ ಜತಿ ಮಾತಾಡ್ತೀರಿ?" ಅಂತ ಕೇಳಿದ. "ಯಾರು ಉತ್ತರ ಕೊಡ್ತಾರೋ ಅವರ ಜತಿ ರಿ" ಅಂದ ಇವನು. ಪೇದೆ ನಕ್ಕು ಚಹಾ ಕುಡಿದು ಬರೆದುಕೊಂಡು ಹೋದ. ಆಮೇಲೆ ಒಂದೂವರೆ ವರ್ಷ ಕಾಯುವುದೇ ಕೆಲಸ. ಅಂಚೆಯವನ ಸೈಕಲ್ ಕಂಡರೆ ಇವನು ಸ್ಟೂಲಿನಿಂದ ಏಳುತ್ತಿದ್ದ, ಅದು ಮುಂದೆ ಹೋದರೆ ಕೂರುತ್ತಿದ್ದ. ಎರಡು ಸಾವಿರದ ಐದರ ಬೇಸಿಗೆಯಲ್ಲಿ ಕೊನೆಗೂ ಲಕೋಟೆ ಬಂತು. ಅದರಲ್ಲಿ ಅವನದೇ ಆದ ಕರೆ ನಂಬರ್ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಕಷ್ಟಪಟ್ಟು ಗಳಿಸಿದ್ದು, ಅವನ ಹತ್ತಿರವೇ ಇರಲಿ.

ಪಾಲಾಕ್ಷಪ್ಪನವರು ತಮ್ಮ ಸೆಟ್ಟನ್ನೇ ಕೊಟ್ಟರು. ಅವರ ಮಾಳಿಗೆಯ ಆಂಟೆನಾ ಮಂಗಗಳ ಪಾಲಾಗಿತ್ತು, ಮೊಣಕಾಲು ನೋವಿಗೆ ಅವರು ಮಾಳಿಗೆ ಹತ್ತುವುದನ್ನೂ ಬಿಟ್ಟಿದ್ದರು. "ಕಲಿತುಕೋ. ಆಂಟೆನಾ ಸರಿ ಮಾಡಿಸಿದ ಮ್ಯಾಲೆ ಹೊಳ್ಳಿ ಕೊಡು" ಅಂದರು.

ಆ ಸೆಟ್ಟು ಜಮಾಲುದ್ದೀನನನ್ನು ಹೈರಾಣ ಮಾಡಿತು. ಅವನು ಕಂಡ ರೇಡಿಯೊಗಳಲ್ಲಿ ಮುಳ್ಳು ಇತ್ತು. ತಿರುವುತ್ತಾ ಹೋದರೆ ಕಿವಿಗೇ ಗೊತ್ತಾಗುತ್ತಿತ್ತು. ಇದರಲ್ಲಿ ಮುಳ್ಳಿಲ್ಲ. ಸಣ್ಣ ಪರದೆ, ಅದರಲ್ಲಿ ಅಂಕಿ, ಕೆಳಗೆ ಕಡಲೆಕಾಳಿನಷ್ಟು ಬಟನ್‌ಗಳು. ಒಂದು ಒತ್ತಿದರೆ ಅಂಕಿ ಬದಲಾಗುತ್ತಿತ್ತು, ಎರಡು ಒತ್ತಿದರೆ ಇನ್ಯಾವುದೋ ಅಕ್ಷರ. ಅವನ ದಪ್ಪ ಬೆರಳಿಗೆ ಒಂದಕ್ಕೆ ಮೂರು ಬಟನ್ ಸಿಗುತ್ತಿದ್ದವು. ಕೊನೆಗೆ ಪಾಲಾಕ್ಷಪ್ಪನವರು ಬೇಕಾದ ಅಂಕಿ ಕೂರಿಸಿ ಬಟನ್‌ಗಳಿಗೆ ಲಾಕ್ ಹಾಕಿಕೊಟ್ಟರು. "ಮಾತಾಡಾಕ ಪಕ್ಕದ ಬಟನ್ ಒತ್ತು. ಕೇಳಾಕ ಬಿಡು. ಬ್ಯಾರೇದು ಏನೂ ಮುಟ್ಟಬ್ಯಾಡ" ಅಂದರು. ಮೊದಲ ಅಭ್ಯಾಸಕ್ಕೆ ಇವನು ಬಟನ್ ಒತ್ತಿ, "ಮಹಾಜನರಲ್ಲಿ ವಿನಂತಿ" ಅಂತ ಶುರುಮಾಡಿದ. ಪಾಲಾಕ್ಷಪ್ಪನವರು ಹಣೆ ಚಚ್ಚಿಕೊಂಡರಂತೆ.

ದೂರದ ಗುಡ್ಡದ ಮೇಲೆ ರಿಪೀಟರ್ ಅನ್ನುವ ಮಷೀನು ಇರುತ್ತದೆ. ಇಂಥ ಸಣ್ಣ ಸೆಟ್ಟಿನ ದನಿ ಹಿಡಿದು ಜಿಲ್ಲೆಗಟ್ಟಲೆ ಎಸೆಯುವುದು ಅದರ ಕೆಲಸ. ಮಾಳಿಗೆಯ ಆಂಟೆನಾ ಇಲ್ಲದೆ ಊರೊಳಗಿನಿಂದ ಕೈಸೆಟ್ಟಿಗೆ ಅದು ಎಟುಕುವುದಿಲ್ಲ, ಎತ್ತರ ಬೇಕು. ನಮ್ಮ ಕಡೆ ಎತ್ತರ ಅಂದರೆ ಉಚ್ಚಂಗಿದುರ್ಗ. ಹೀಗೆ ಭಾನುವಾರದ ಗುಡ್ಡ ಹತ್ತುವಿಕೆ ಶುರುವಾಯಿತು. ಬಸ್ಸಿಳಿದು, ಕೋಟೆಯ ಮೆಟ್ಟಿಲು ಎಣಿಸದೆ ಹತ್ತಿ, ಗುಡಿಯ ದಾರಿ ಬಿಟ್ಟು ಬುರುಜಿನ ಕಡೆ ಹೋಗಿ ಅವನು ನಿಲ್ಲುತ್ತಿದ್ದ. ಜತೆಗೆ ನಾನು. ನನಗೆ ಹೆಂಡತಿಯ ಬೈಗುಳ ಬೇರೆ.

ಮೊದಲ ಭಾನುವಾರ ಅವನು ಮೀಸೆ ಕತ್ತರಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ, ಯಾರಾದರೂ ನೋಡುತ್ತಾರೇನೋ ಅನ್ನುವಂತೆ. ಬಟನ್ ಒತ್ತಿ ನಂಬರ್ ಹೇಳಿದ. "ನನ್ನ ಹೆಸರು ಜಮಾಲುದ್ದೀನ, ಊರು ಹರಪನಹಳ್ಳಿ. ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ಮಾತಾಡಿ" ಅಂದ. ಬಟನ್ ಬಿಟ್ಟ, ಮೇಲಿನ ನಾಬು ಒಂಚೂರು ತಿರುವಿದ, ಸೆಟ್ಟನ್ನು ಕಲ್ಲಿನ ಮೇಲಿಟ್ಟು ಕುಳಿತ. ಪರದೆಯಲ್ಲಿ ಅಂಕಿ ಬೆಳಗುತ್ತಿತ್ತು. ಗಾಳಿ ಬಿಟ್ಟರೆ ಸದ್ದಿಲ್ಲ. ಹತ್ತು ನಿಮಿಷ ಕಾದು, ಇನ್ನೊಂದು ಬುರುಜಿಗೆ ಹೋಗಿ ಮತ್ತೆ ಕರೆದ. ಒಂದು ಓಣಿಯಲ್ಲಿ ಸಾರಿ ಮುಂದಿನ ಓಣಿಗೆ ಹೋಗಿ ಅಭ್ಯಾಸವಾದವನು. ಸಂಜೆಯ ಬಸ್ಸಿನ ಹೊತ್ತಿಗೆ ಕೋಟೆ ಪೂರ್ತಿ ಸುತ್ತಿದ್ದೆವು.

ಎರಡನೇ ವಾರವೂ ಹಾಗೇ. ಮತ್ತೆ ಕರೆಯಲು ನಾಬು ಏರಿಸಿದಾಗ ಒಮ್ಮೆ ಯಾರೋ ಇಬ್ಬರು ಮಳೆಯ ಬಗ್ಗೆ ಮಾತಾಡುತ್ತಿದ್ದುದು ಕೇಳಿಸಿತು. ಇವನ ಮುಖ ಅರಳಿತು. ಅವರು ಮುಗಿಸುವವರೆಗೆ ಕೈ ಕಟ್ಟಿ ಕಾದು ಆಮೇಲೆ ಕರೆದ. ಮತ್ತೆ ಮೌನ.

ಆಗಲೇ ಅವನು ಸೋತದ್ದು. ಸೆಟ್ಟು ಕೆಟ್ಟಿದೆ ಅಂತ ಸಮಾಧಾನ ಮಾಡಿಕೊಳ್ಳುವ ದಾರಿಯೂ ಮುಚ್ಚಿತು. ಸೆಟ್ಟು ಚೆನ್ನಾಗಿದೆ, ಅವರವರು ಮಾತಾಡಿಕೊಳ್ಳುತ್ತಾರೆ, ಇವನಿಗೆ ಮಾತ್ರ ಉತ್ತರವಿಲ್ಲ.

ಮೂರನೇ ವಾರ ಮೆಟ್ಟಿಲಿಳಿಯುವಾಗ ನಾನು ದೊಡ್ಡ ಲೋಕ ಕಂಡವನ ಹಾಗೆ ಹೇಳಿದೆ, "ಲೇ, ಹೆಸರು ಯಾಕ ಹೇಳ್ತಿ? ಬರೀ ನಂಬರ್ ಹೇಳು. ಹೆಸರು ಕೇಳಿ ಸುಮ್ಮನಾಗಿರ್ತಾರ."

ಅವನು ನಿಂತ. ನನ್ನ ಕಡೆ ನೋಡಲಿಲ್ಲ, ಕೆಳಗಿನ ಊರು ನೋಡಿದ. ಊರಿಗೆ ಊರೇ ಅವನ ದನಿ ಕೇಳಿ ಬೆಳೆದದ್ದು. ಒಬ್ಬನೂ ಅವನ ಹೆಸರು ಕೇಳಿ ಕಿಟಕಿ ಮುಚ್ಚಿಕೊಂಡದ್ದನ್ನು ನಾನು ಕಂಡಿಲ್ಲ. ಆದರೂ ಆ ಮಾತು ನನ್ನ ಬಾಯಿಂದ ಬಂತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅದು ನನ್ನಂಥವರಿಗೇ ಹೇಳಿದ್ದು.

ನಾಲ್ಕನೇ ಭಾನುವಾರ ಅವನು ಹೆಸರು ಬಿಡಲಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು ಎಲ್ಲ ಹೇಳಿ ಕರೆದ, ಕೇಸು ನಡೆಸುವವನ ಹಾಗೆ. ಏನೂ ಬರಲಿಲ್ಲ. ಆ ವಾರವೆಲ್ಲ ಅಂಗಡಿ ಬಾಗಿಲು ಅರ್ಧವೇ ತೆರೆದಿತ್ತು. ಅವನ ಹೆಂಡತಿ ಮೀರಾಬಿ ನನ್ನ ಅಂಗಡಿಗೆ ಬಂದಳು.

"ಅಣ್ಣಾ, ನೀವರ ಹೇಳ್ರಿ. ಗುಡ್ಡ ಹತ್ತಿ ಬಂದ್ರ ಸೋಮವಾರ ಏಳಂಗಿಲ್ಲ. ರೊಟ್ಟಿ ಮುರದು ಹಂಗs ಕುಂದರ್ತಾರ. ಕೇಳಿದ್ರ, ನನ್ನ ದನಿ ಯಾರಿಗೂ ಬ್ಯಾಡಾಗೈತಿ ಅಂತಾರ."

ಐದನೇ ಭಾನುವಾರ ಅವನೇ ಹೇಳಿದ, ಇದೇ ಕೊನೆ, ನಾಳೆ ಸೆಟ್ಟು ಪಾಲಾಕ್ಷಪ್ಪನವರಿಗೆ ಮುಟ್ಟಿಸಿ ಲೈಸೆನ್ಸ್ ಒಲೆಗೆ ಹಾಕುತ್ತೇನೆ ಅಂತ. ಅಂಗಿ ಇಸ್ತ್ರಿ ಇರಲಿಲ್ಲ. ನಡುವೆ ನಾಲ್ಕು ಸಲ ಕುಳಿತು ಮೆಟ್ಟಿಲು ಹತ್ತಿದ. ಬುರುಜಿನ ನೆರಳಲ್ಲಿ ನಿಂತು ನಂಬರ್ ಹೇಳಿದ, ಹೆಸರು ಹೇಳಲಿಲ್ಲ. ನಾನು ಕಲಿಸಿದ ಪಾಠ. ಬಟನ್ ಬಿಟ್ಟ, ನಾಬು ತಿರುವಿದ, ಸೆಟ್ಟನ್ನು ನನ್ನ ತೊಡೆಯ ಪಕ್ಕ ಇಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ನಾನು ಸೆಟ್ಟನ್ನೇ ನೋಡುತ್ತಾ ಕುಳಿತೆ. ಮೇಲೆ ಒಂದು ಹಸಿರು ದೀಪ ಹತ್ತಿತು. ಪರದೆಯ ಅಂಕಿಯ ಕೆಳಗೆ ಸಣ್ಣ ಗೀಟುಗಳು ಸಾಲಾಗಿ ಎದ್ದು ನಿಂತವು.

"ಈ ದೀಪ ಯಾತಕ್ಕಲೇ?"

"ಬ್ಯಾಟರಿದು" ಅಂದ, ಕಣ್ಣು ಮುಚ್ಚಿಕೊಂಡೇ.

"ಬ್ಯಾಟರಿದು ಆದ್ರ ನೀ ಕರದ ಮ್ಯಾಲೇ ಯಾಕ ಹತ್ತತೈತಿ? ಹೋದ ವಾರನೂ ಹಿಂಗs ಹತ್ತಿತ್ತು."

ದೀಪ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು. ನನಗೆ ರೇಗಿತು. ಯಾರ ಮೇಲೆ ಅಂತ ಗೊತ್ತಿಲ್ಲ, ಬಿಸಿಲು, ಮೆಟ್ಟಿಲು, ಐದು ಭಾನುವಾರ, ಎಲ್ಲದರ ಮೇಲೂ. ಸೆಟ್ಟು ಕೈಗೆತ್ತಿಕೊಂಡು, ಅವನು ಆಗತಾನೇ ತಿರುವಿದ್ದ ನಾಬನ್ನು ಉಲ್ಟಾ ತಿರುವಿಬಿಟ್ಟೆ.

"...ಜಮಾಲುದ್ದೀನಣ್ಣಾರೇ, ಕೇಳ್ತೈತೇನ್ರಿ? ನಾನು ಅನ್ನದಾನಮ್ಮ."

ಹೆಂಗಸಿನ ದನಿ, ಕೋಟೆ ಗೋಡೆಗೆ ಬಡಿದು ವಾಪಸ್ ಬಂತು. ಗುಬ್ಬಿಗಳು ಎದ್ದು ಹಾರಿದವು. ಜಮಾಲುದ್ದೀನ ಕಣ್ಣು ಬಿಟ್ಟವನು ನನ್ನ ಕೈಯಲ್ಲಿದ್ದ ಸೆಟ್ಟನ್ನೇ ನೋಡಿದ, ಆಮೇಲೆ ತನ್ನ ಬಲಗೈ ನೋಡಿಕೊಂಡ.

ಮೈಕಿನವರ ಪದ್ಧತಿ ಅದು. ಹೇಳಿ ಮುಗಿದ ಕೂಡಲೇ ಆಂಪ್ಲಿಫೈಯರಿನಲ್ಲಿ ಮೈಕಿನ ನಾಬು ಸೊನ್ನೆಗೆ ಇಳಿಸಬೇಕು. ಇಲ್ಲದಿದ್ದರೆ ಹಾರ್ನ್ ಕುಂಯ್ ಅನ್ನುತ್ತದೆ, ಇಲ್ಲವೇ ಖಾಸಗಿ ಮಾತು ಬೀದಿಗೆ ಬೀಳುತ್ತದೆ. ಒಮ್ಮೆ ಕೊಟ್ಟೂರಿನಲ್ಲಿ ಇಳಿಸಲು ಮರೆತು, ಆಟೋದವನ ಹತ್ತಿರ ಸೀರೆ ಅಂಗಡಿ ಸಾಹುಕಾರನ ಜಿಪುಣತನ ಆಡಿಕೊಂಡದ್ದು ಇಡೀ ಪೇಟೆಗೆ ಕೇಳಿಸಿತ್ತು. ಅಂದಿನಿಂದ ಅವನ ಕೈ ತಾನಾಗಿಯೇ ತಿರುಗುತ್ತಿತ್ತು, ತಲೆಯನ್ನು ಕೇಳುತ್ತಿರಲಿಲ್ಲ. ಈ ಸೆಟ್ಟಿನಲ್ಲಿ ಆ ಜಾಗದಲ್ಲಿದ್ದದ್ದು ಕೇಳುವ ವಾಲ್ಯೂಮ್. ಕರೆಯುವಾಗ ಏರಿಸಿ, ಉತ್ತರ ಬರುವ ಹೊತ್ತಿಗೆ ಸರಿಯಾಗಿ ಇಳಿಸಿ, ಐದು ಭಾನುವಾರ ಅವನು ಕಾಯುತ್ತಾ ಕುಳಿತಿದ್ದ. ಅವನ ಸಂಗಡ ನಾನೂ.

ಅನ್ನದಾನಮ್ಮ ಇನ್ನೂ ಮಾತಾಡುತ್ತಿದ್ದರು. ದಾವಣಗೆರೆ ಕಡೆಯ ನಿವೃತ್ತ ಟೀಚರಂತೆ.

"ಮೊದಲನೇ ವಾರದಿಂದ ನೀವು ಕರದಾಗೆಲ್ಲ ನಾನು ಉತ್ತರ ಕೊಟ್ಟೀನ್ರಿ. ನೀವು ಮಾತಾಡಲಿಲ್ಲ. ಹೆಂಗಸಿನ ದನಿ ಅಂತ ಬ್ಯಾಡ ಅಂದ್ರೇನೋ ಅನ್ಕೊಂಡೆ. ನಿಮ್ಮಲ್ಲಿ ಹಂಗ ಪದ್ಧತಿ ಇರಬೌದು ಅಂತ ಬ್ಯಾಸರ ಮಾಡ್ಕೊಳ್ಳಲಿಲ್ಲ. ಇವತ್ತು ಹೆಸರು ಹೇಳಲಿಲ್ಲ ನೀವು, ದನಿನೂ ಕುಗ್ಗಿತ್ತು. ಆರಾಮ ಇಲ್ಲೇನೋ ಅಂತ ಮನಸ್ಸು ತಡೀಲಿಲ್ಲ. ಆರಾಮ ಅದೀರೇನ್ರಿ?"

ಸೆಟ್ಟು ಸುಮ್ಮನಾಯಿತು. ನಾನು ಅದನ್ನು ಅವನ ಕೈಗೆ ಕೊಟ್ಟೆ. ಬಟನ್ ಒತ್ತಿದ, ಬಿಟ್ಟ, ಮತ್ತೆ ಒತ್ತಿ ಹಿಡಿದ. ಮೂವತ್ತು ವರ್ಷ ಊರೂರು ಎಬ್ಬಿಸಿದ ಗಂಟಲು ಅದು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಅಕ್ಕಾರೇ, ತಪ್ಪಾತು" ಅಂದ ಕಡೆಗೆ. "ನೀವು ಮಾತಾಡೀರಿ, ನಾನs ಕಿವಿ ಮುಚ್ಕೊಂಡು ಕುಂತಿದ್ದೆ. ಇನ್ನು ನೀವು ಹೇಳ್ರಿ, ನಾ ಕೇಳ್ತೀನಿ."

ಬಟನ್ ಬಿಟ್ಟ. ಬಲಗೈ ನಾಬಿನ ಕಡೆ ಹೊರಟಿತು. ಎಡಗೈಯಿಂದ ಅದನ್ನು ಹಿಡಿದುಕೊಂಡ. ಅರ್ಧ ಗಂಟೆ ಹಾಗೇ ಕುಳಿತು ಅವರ ಮನೆಯ ಬಾವಿ ನೀರು ಉಪ್ಪಾದದ್ದು, ಯಜಮಾನರು ತೀರಿಕೊಂಡ ಮೇಲೆ ಅವರ ರೇಡಿಯೊ ಸುಮ್ಮನೆ ಬಿಡಲಾರದೆ ತಾವೇ ಪರೀಕ್ಷೆಗೆ ಕಟ್ಟಿದ್ದು, ಎಲ್ಲ ಕೇಳಿದ. ಬ್ಯಾಟರಿ ಮುಗಿಯಿತು.

ಇಳಿಯುವಾಗ ಅವನು ಮುಂದೆ, ನಾನು ಹಿಂದೆ. ಸೆಟ್ಟು ಅವನ ಅಂಗಿ ಜೇಬಿನಲ್ಲಿತ್ತು. ವಾಪಸ್ ಕೊಡುವ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನನ್ನ ಎದೆಯಲ್ಲಿ ಮುಳ್ಳು ಆಡುತ್ತಿತ್ತು. ಅರ್ಧ ದಾರಿಗೆ ತಡೆಯಲಾಗಲಿಲ್ಲ.

"ಜಮಾಲಾ, ಹೆಸರಿನ ಮಾತು ತಗದವ ನಾನು."

ಅವನು ಹಿಂತಿರುಗಲಿಲ್ಲ. ಒಂದು ಮೆಟ್ಟಿಲು ಇಳಿದು ಮೊಣಕಾಲು ಹಿಡಿದು ನಿಂತ.

"ಅಂದವ ನೀನು, ನಂಬಿದವ ನಾನು" ಅಂದ. "ನಡಿ, ಬಸ್ಸಿಗೆ ಹೊತ್ತಾತು."