ಅಣ್ಣ ಬರೆದ ಕೆಂಪು ಬಾಣ

ಅಣ್ಣನ ಕೆಲಸ ಹೋದ ದಿನ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಈ ವರ್ಷ ಆಯುಧ ಪೂಜೆಗೆ ರಾಯದುರ್ಗದ ನಮ್ಮ ಗಾರ್ಮೆಂಟ್ಸಿನಲ್ಲಿ ಮಷೀನು, ಕತ್ತರಿಗಳನ್ನೆಲ್ಲ ಒರೆಸುವಾಗ, ಪದರ ಪದರವಾಗಿ ಹಾಸಿದ ಜೀನ್ಸ್ ಬಟ್ಟೆಯ ಮೇಲೆ ಭಾರಕ್ಕಿಡುವ ದುಂಡನೆಯ ಉದ್ದ ಕಲ್ಲನ್ನೂ ಸೋಪು ಹಚ್ಚಿ ಉಜ್ಜಿದೆ. ವರ್ಷಗಟ್ಟಲೆ ಹತ್ತಿದ್ದ ನೀಲಿ ಕರಗಿ ಇಳಿಯಿತು. ಅದರಡಿಯಿಂದ ಕೆಂಪು ಬಾಣವೊಂದು ಎದ್ದಿತು... ಎಡಕ್ಕೆ ವಾಲಿದ ಬಾಣ. ಅಣ್ಣ ಎಡಚ.

ಎಷ್ಟೋ ವರ್ಷಗಳ ಹಿಂದೆ ಊರ ಹೊರಗೆ ಬೆಟ್ಟದ ಬುಡದಲ್ಲಿ ಕಲ್ಲಿನ ಸಂಶೋಧನೆಯವರು ಬೀಡುಬಿಟ್ಟಿದ್ದರು. ಅಣ್ಣ ಅವರ ಡ್ರಿಲ್ಲಿಂಗ್ ಮಷೀನಿನಲ್ಲಿ ಕೂಲಿ. ಭೂಮಿಯ ಆಳದಲ್ಲಿ ಕಲ್ಲು ಕಾದಿರುತ್ತದಂತೆ. ಅದರ ಬಿರುಕುಗಳಲ್ಲಿ ನೀರು ಹಾಯಿಸಿ, ಕಾದು ಬಂದ ನೀರಿನಿಂದ ಕರೆಂಟು ಮಾಡಬಹುದಂತೆ. ಅದಕ್ಕೆ ಮೊದಲು ಕಲ್ಲು ಎಷ್ಟು ಒತ್ತಡಕ್ಕೆ, ಎಷ್ಟು ಕಾವಿಗೆ ಸೀಳುತ್ತದೆಂದು ತಿಳಿಯಬೇಕು. ಆಳದಿಂದ ಕೊಳವೆಯೊಳಗೆ ಬಂದ ಲಟ್ಟಣಿಗೆಯಂಥ ಕಲ್ಲುಗಳನ್ನು ಅಣ್ಣ ತೊಳೆದು, ಯಾವ ತುದಿ ಕೆಳಗಿನದೆಂದು ಕೆಂಪು ಬಾಣ ಬರೆದು, ಆಳದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದ. ಬೆರಳಿನಿಂದ ತಟ್ಟಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ. ಇಂಜಿನಿಯರುಗಳು ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಅವನ ಹೆಸರನ್ನು ಎಲ್ಲೂ ಬರೆಯಲಿಲ್ಲ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನಾನಾಗ ಕಟಿಂಗ್ ಟೇಬಲ್ಲಿಗೆ ಹೊಸಬಳು. ಬಟ್ಟೆ ಜಾರದಂತೆ ಇಟ್ಟಿಗೆ ಇಟ್ಟರೆ ಕೆಂಪು ಧೂಳು ಮೆತ್ತಿ ಮೇಸ್ತ್ರಿಯಿಂದ ಬೈಗುಳ. ಒಂದು ಮಧ್ಯಾಹ್ನ ಎಂದಿನಂತೆ ಅಣ್ಣನಿಗೆ ಬುತ್ತಿ ಕೊಡಲು ಹೋದಾಗ ಅವನು ಹೊರಗೆ ಮಷೀನಿನ ಹತ್ತಿರವಿದ್ದ, ಪೆಟ್ಟಿಗೆಗಳಿದ್ದ ಕೋಣೆಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯಿಂದ ಎಲ್ಲಕ್ಕಿಂತ ಉದ್ದದ, ಬಟ್ಟೆಗೆ ತೊಡರದಂತೆ ಒಂದು ಗೀರೂ ಇಲ್ಲದ ಕಲ್ಲನ್ನು ಆರಿಸಿ ಸೆರಗಿನಲ್ಲಿ ಸುತ್ತಿಕೊಂಡೆ. ಆಚೆ ಎಸೆದಿದ್ದ ರಾಶಿಯಿಂದ ಅಷ್ಟೇ ಉದ್ದದ ಇನ್ನೊಂದನ್ನು ತಂದು, ಅಲ್ಲೇ ಇದ್ದ ಬಣ್ಣದಲ್ಲಿ ಬಾಣ ಬರೆದು, ಖಾಲಿ ಜಾಗದಲ್ಲಿಟ್ಟೆ. ಕಲ್ಲಿಗೆ ಕಲ್ಲು, ಏನಾದೀತು ಅಂದುಕೊಂಡೆ. ಒತ್ತಿ ನೋಡುವುದಕ್ಕೆ ಅವರಿಗೆ ಬೇಕಿದ್ದುದೂ ಆ ಬಿರುಕಿಲ್ಲದ ತುಂಡೇ ಎಂದು ನನಗೆ ಗೊತ್ತಿರಲಿಲ್ಲ.

ಪೆಟ್ಟಿಗೆಗಳನ್ನು ಲಾರಿಗೆ ಹೇರುವ ದಿನ ಅಣ್ಣ ಆ ಕಲ್ಲನ್ನು ತಟ್ಟಿದ. ತಾನೇ ಹೋಗಿ ಹಿರಿಯ ಇಂಜಿನಿಯರಿಗೆ ಹೇಳಿದ: "ಸಾರ್, ಇದು ಈ ಆಳದ ಕಲ್ಲಲ್ರಿ. ಯಾರೋ ಬದಲಿ ಇಟ್ಟಾರ್ರಿ."

"ನಮಗೇ ಗೊತ್ತಾಗದ್ದು ನಿನಗೆ ಹೇಗೆ ಗೊತ್ತಾಯ್ತು? ಒಡೆದುಹಾಕಿ ನೀನೇ ಬದಲಿಸಿದ್ದೀಯ."

ಇವತ್ತಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತು. ನಿಜ ಹೇಳಿದ್ದಕ್ಕೆ ಮೋಸಗಾರನಾದ. ತಿಂಗಳುಗಟ್ಟಲೆ ಅವನ ಬೆರಳನ್ನು ನಂಬಿದವರು ಅವತ್ತು ಅವನ ಬಾಯಿಯನ್ನು ನಂಬಲಿಲ್ಲ. ನಾನು ಬುತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವರ ಮೇಲೆ ಇಷ್ಟು ಸಿಟ್ಟಾಗುವ ನನಗೆ ಆಗ ನಾಲಿಗೆ ಇರಲಿಲ್ಲವೇ?

ಅಣ್ಣ ಬೋರ್‌ವೆಲ್ ಲಾರಿ ಹತ್ತಿ ಊರೂರು ತಿರುಗಿದ. ಒಮ್ಮೆ ನನ್ನನ್ನು ನೋಡಲು ಗಾರ್ಮೆಂಟ್ಸಿಗೆ ಬಂದವನು ಟೇಬಲ್ಲಿನ ಮೇಲಿದ್ದ ಕಲ್ಲು ಕಂಡ. ತಟ್ಟಿದ. ಬಾಣ ಕೆಳಗಾಗುವಂತೆ ತಿರುಗಿಸಿಟ್ಟು, "ಊಟ ಆತೇನವ್ವ?" ಎಂದ. ಅಷ್ಟೇ... ಅತ್ತಿಗೆ ಮಾತ್ರ ಕೊನೆಯವರೆಗೂ, "ಒಂದು ಕಲ್ಲು ನೆಟ್ಟಗ ಇಡಾಕ ಬರಲಿಲ್ಲ ನಿಮಗ" ಎಂದು ಚುಚ್ಚುತ್ತಿದ್ದಳು. ಅವನು ನಗುತ್ತಿದ್ದ. ಕಲ್ಲಿನ ಧೂಳು ಎದೆ ಸೇರಿ, ಹೋದ ವರ್ಷ ತೀರಿಕೊಂಡ.

ತೊಳೆದ ಕಲ್ಲು ಕೈಯಲ್ಲಿರುವಾಗ ಹೊಳೆಯಿತು. ನಾನು ಬಲಗೈಯವಳು, ಬದಲಿ ಕಲ್ಲಿನ ಮೇಲೆ ನಾನು ಬರೆದ ಬಾಣ ಹೀಗೆ ವಾಲಿರಲಿಲ್ಲ. ಇದು ನನ್ನ ಕೈ ಅಲ್ಲ ಎಂದು ಅಣ್ಣ ಅವತ್ತು ಆ ಬಾಣ ತೋರಿಸಿದ್ದರೆ ಉಳಿದುಕೊಳ್ಳುತ್ತಿದ್ದ. ಆದರೆ ಪೆಟ್ಟಿಗೆಗಳಿದ್ದ ಆ ಕೋಣೆಗೆ ದಿನವೂ ಬರುತ್ತಿದ್ದ ಹೊರಗಿನವಳು ನಾನೊಬ್ಬಳೇ, ಅನುಮಾನ ನೇರ ನನ್ನ ಮೇಲೆ ಬರುತ್ತಿತ್ತು. ಅವನು ಕಲ್ಲಿನ ವಿಷಯ ಹೇಳಿದ, ಬಾಣದ ವಿಷಯ ಹೇಳಲಿಲ್ಲ.

ಕಲ್ಲಿಗೆ ಕುಂಕುಮ ಹಚ್ಚಲಿಲ್ಲ. ಒದ್ದೆಯಿದ್ದಂತೆಯೇ ಟವೆಲಿನಲ್ಲಿ ಸುತ್ತಿಕೊಂಡು ಅತ್ತಿಗೆ ಇರುವ ಬೆಳುಗುಪ್ಪದ ಬಸ್ಸು ಹತ್ತಿದೆ. ಅತ್ತಿಗೆ ಹೊಸ್ತಿಲ ಬಳಿ ಶೇಂಗಾ ಸುಲಿಯುತ್ತಿದ್ದಳು. ಕಲ್ಲನ್ನು ಅವಳ ಮುಂದಿಟ್ಟೆ, ಬಾಣ ಮೇಲೆ ಮಾಡಿ.

"ಅತ್ತಿಗಿ, ಇದನ್ನ ಕದ್ದಾಕಿ ನಾನು. ಬದಲಿ ಇಟ್ಟಾಕೀನೂ ನಾನ. ಅಣ್ಣಂದೇನೂ ಇಲ್ಲ. ನನ್ನಿಂದ ತಪ್ಪಾತು."